ಎಂಜಿನಿಗೆ ಕಿಡಿ ಕೊಟ್ಟ ರಾಬರ್ಟ್ ಬಾಷ್

ಮಳೆಗಾಲದ ಮುಂಜಾನೆ ಅಂಗಳದಲ್ಲಿ ನಿಂತ ಹಳೆಯ ಅಂಬಾಸಿಡರ್ ಕಾರು ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ. ಹೇಗೋ ಸ್ಟಾರ್ಟ್ ಆದರೂ ಒಂದು ಸಿಲಿಂಡರ್ ಮಿಸ್ ಹೊಡೆಯುತ್ತದೆ. ಆಗ ಚಾಲಕನು ಬಾನೆಟ್ ಎತ್ತಿ ಪ್ಲಗ್ ಸ್ಪ್ಯಾನರನ್ನು ಕೈಗೆತ್ತಿಕೊಳ್ಳುತ್ತಾನೆ. ಹೆಬ್ಬೆರಳಿನ ಗಾತ್ರದ ಸ್ಪಾರ್ಕ್ ಪ್ಲಗ್ಗನ್ನು ಕಾಣದವರು ನಮ್ಮಲ್ಲಿ ಕಡಿಮೆ. ಬೆಂಗಳೂರಿನ ‘ಮೈಕೋ’ ಹೆಸರು ಹೊತ್ತ ಪ್ಲಗ್ಗುಗಳನ್ನು ದಶಕಗಳ ಕಾಲ ಬಳಸಿದವರು ನಾವು. ಆದರೆ ಆ ಹೆಸರಿನ ಹಿಂದಿರುವ ಮನುಷ್ಯನನ್ನು ಬಲ್ಲವರು ವಿರಳ. ಜರ್ಮನಿಯ ರಾಬರ್ಟ್ ಬಾಷ್ ಎಂಬ ಆ ಮಹನೀಯನ ಬಾಳಿನ ಕಥೆ ನಮ್ಮ ಮಕ್ಕಳಿಗೂ ಹಿರಿಯರಿಗೂ ತಿಳಿದಿರಬೇಕಾದುದು.

ರಾಬರ್ಟ್ ಬಾಷ್ ಹುಟ್ಟಿದ್ದು 1861ರ ಸಪ್ಟೆಂಬರ 23ರಂದು, ದಕ್ಷಿಣ ಜರ್ಮನಿಯ ಉಲ್ಮ್ ನಗರದ ಸಮೀಪದ ಆಲ್ಬೆಕ್ ಎಂಬ ಹಳ್ಳಿಯಲ್ಲಿ. ತಂದೆ ಬೇಸಾಯಗಾರ, ಜೊತೆಗೆ ದಾರಿಹೋಕರಿಗೆ ಊಟ ವಸತಿ ಒದಗಿಸುವ ಛತ್ರದಂತಹ ಮನೆಯೊಂದನ್ನು ನಡೆಸುತ್ತಿದ್ದವರು. ಹನ್ನೆರಡು ಮಕ್ಕಳಲ್ಲಿ ರಾಬರ್ಟ್ ಹನ್ನೊಂದನೆಯವನು. ಶಾಲೆ ಮುಗಿದ ಮೇಲೆ ಉಲ್ಮ್ ನಗರದಲ್ಲಿ ಸೂಕ್ಷ್ಮ ಯಂತ್ರ ಕೆಲಸ ಕಲಿಯಲು ಸೇರಿದ. ಅಲ್ಲಿ ಆದ ಅನುಭವ ಕಹಿ. ಕಲಿಸಬೇಕಾದ ಯಜಮಾನನಿಗೆ ಕಲಿಸುವುದರಲ್ಲಿ ಆಸಕ್ತಿ ಇರಲಿಲ್ಲ. ಹುಡುಗ ಕಲಿತುದಕ್ಕಿಂತ ಕಳೆದುಕೊಂಡ ದಿನಗಳೇ ಹೆಚ್ಚು. ಮನಸ್ಸಿನಲ್ಲಿ ಉಳಿದ ಆ ನೋವು ಮುಂದೆ ಏನು ಫಲ ಕೊಟ್ಟಿತೆಂಬುದನ್ನು ಕೊನೆಗೆ ನೋಡೋಣ.

ಬಳಿಕ ಊರಿಂದೂರಿಗೆ ತಿರುಗಿ ಕೆಲಸ ಮಾಡಿದ ತರುಣನು 1884ರಲ್ಲಿ ಹಡಗು ಹತ್ತಿ ಅಮೇರಿಕಕ್ಕೆ ಹೋದ. ಎಡಿಸನ್ನನ ಕಾರ್ಖಾನೆಯಲ್ಲಿ ದುಡಿದ. ಮರಳುವಾಗ ಇಂಗ್ಲೆಂಡಿನಲ್ಲಿ ಸೀಮನ್ಸ್ ಸಂಸ್ಥೆಯಲ್ಲಿಯೂ ಕೆಲಸ ಮಾಡಿದ. 1886ರ ನವಂಬರ 15ರಂದು ಸ್ಟುಟ್‌ಗಾರ್ಟ್ ನಗರದಲ್ಲಿ ತನ್ನದೇ ಚಿಕ್ಕ ಕಾರ್ಯಾಗಾರ ತೆರೆದ. ಕೈಯಲ್ಲಿದ್ದುದು 10,000 ಮಾರ್ಕ್ ಬಂಡವಾಳ. ಜೊತೆಗಿದ್ದವರು ಒಬ್ಬ ಕುಶಲಕರ್ಮಿ ಮತ್ತು ಒಬ್ಬ ಚಾಕರಿಯ ಹುಡುಗ. ದೂರವಾಣಿ, ವಿದ್ಯುತ್ ಗಂಟೆ ಮುಂತಾದ ಬಂದ ಕೆಲಸವನ್ನೆಲ್ಲ ಮಾಡಿದರು. ಗಿರಾಕಿಗಳ ಮನೆಗೆ ಬಾಷ್ ಸೈಕಲ್ ತುಳಿದು ಹೋಗುತ್ತಿದ್ದ. ಹಲವು ವರ್ಷ ಸಾಲದ ಚಿಂತೆ ಬಿಡಲಿಲ್ಲ.

1887ರಲ್ಲಿ ಗಿರಾಕಿಯೊಬ್ಬನು ತನ್ನ ಎಂಜಿನಿಗೆ ಕಿಡಿ ಹೊತ್ತಿಸುವ ‘ಮ್ಯಾಗ್ನೆಟೋ’ ಬೇಕೆಂದು ಕೇಳಿದ. ಡಾಯಿಟ್ಜ್ ಕಾರ್ಖಾನೆ ತಯಾರಿಸಿದ್ದ ಅಂತಹ ಸಾಧನಕ್ಕೆ ಪೇಟೆಂಟ್ ಇಲ್ಲವೆಂಬುದನ್ನು ಖಚಿತಪಡಿಸಿಕೊಂಡ ಮೇಲೆಯೇ ಬಾಷ್ ಅದನ್ನು ಸುಧಾರಿಸಿ ತಯಾರಿಸಿಕೊಟ್ಟ. ಇದು ನಿಂತಲ್ಲೇ ತಿರುಗುವ ನಿಧಾನದ ಎಂಜಿನಿಗೆ ಸರಿಹೋಗುವಂಥದು. ಓಡುವ ವಾಹನದ ವೇಗಕ್ಕೆ ಅದನ್ನು ಹೊಂದಿಸಿದ್ದು 1897ರಲ್ಲಿ. ಆದರೂ ತೊಡಕು ತೀರಲಿಲ್ಲ. ಸಿಲಿಂಡರಿನ ಒಳಗೇ ಲೋಹದ ತುಂಡುಗಳು ತಾಗಿ ಬಿಟ್ಟು ಕಿಡಿ ಹುಟ್ಟಬೇಕಾಗಿತ್ತು. ಬೆಂಕಿಯ ನಡುವೆ ಅಲುಗುವ ಆ ಭಾಗಗಳು ಬೇಗ ಸವೆಯುತ್ತಿದ್ದವು.

ಈ ತೊಡಕನ್ನು ಬಿಡಿಸಿದವನು ಗೊಟ್‌ಲೋಬ್ ಹೊನೋಲ್ಡ್. ಬಾಷ್ ಬಳಿಯೇ ಕೆಲಸ ಕಲಿತು, ಉನ್ನತ ವ್ಯಾಸಂಗ ಮಾಡಿ 1901ರಲ್ಲಿ ಹಿಂತಿರುಗಿದ ತರುಣ. ಆತನ ಮ್ಯಾಗ್ನೆಟೋ ಅಧಿಕ ಒತ್ತಡದ ವಿದ್ಯುತ್ತನ್ನು ಉತ್ಪಾದಿಸುತ್ತಿತ್ತು. ಆ ವಿದ್ಯುತ್ತು ತಂತಿಯಲ್ಲಿ ಹರಿದು ಬಂದು ಪ್ಲಗ್ಗಿನ ಎರಡು ತುದಿಗಳ ನಡುವಿನ ಕಿರಿದಾದ ಅಂತರವನ್ನು ಹಾರುವಾಗ ಕಿಡಿ ಹುಟ್ಟುತ್ತದೆ. ಒಳಗೆ ಅಲುಗುವ ಭಾಗವೇ ಬೇಡ! 1902ರಲ್ಲಿ ಇದಕ್ಕೆ ಪೇಟೆಂಟ್ ದೊರೆಯಿತು. ಪ್ಲಗ್ಗನ್ನು ಮೊದಲು ಯೋಚಿಸಿದವನು ಬಾಷ್ ಅಲ್ಲ. 1860ರಲ್ಲೇ ಲೆನ್ವಾ ತನ್ನ ಎಂಜಿನಿನಲ್ಲಿ ವಿದ್ಯುತ್ ಕಿಡಿಯನ್ನು ಬಳಸಿದ್ದ. ಆದರೆ ನಂಬಬಹುದಾದ ಮ್ಯಾಗ್ನೆಟೋ, ಶಾಖ ತಾಳುವ ಪಿಂಗಾಣಿಯ ಪ್ಲಗ್ಗು ಎರಡನ್ನೂ ಕೂಡಿಸಿ ಲೋಕದ ಮೂಲೆಮೂಲೆಗೆ ತಲುಪಿಸಿದ ಕೀರ್ತಿ ಈ ಸಂಸ್ಥೆಗೆ ಸಲ್ಲುತ್ತದೆ. 1906ರಲ್ಲಿ ಅಲ್ಲಿಂದ ಒಂದು ಲಕ್ಷದ ಮ್ಯಾಗ್ನೆಟೋ ಹೊರಬಂತು.

ಹಳೆಯ ಕಾರು ಇಟ್ಟುಕೊಂಡ ನಮ್ಮ ಓದುಗರಿಗೆ ಇಲ್ಲಿ ಎರಡು ಮಾತು ಉಪಯುಕ್ತವಾದೀತು. ಪ್ಲಗ್ ಬದಲಿಸುವಾಗ ಎಂಜಿನ್ ತಣ್ಣಗಿರಬೇಕು. ತಂತಿಯನ್ನು ಎಳೆಯದೆ, ಅದರ ತುದಿಯ ಟೊಪ್ಪಿಯನ್ನೇ ಹಿಡಿದು ತೆಗೆಯಬೇಕು. ಒಂದೊಂದಾಗಿ ಬದಲಿಸಿದರೆ ತಂತಿಗಳು ಅದಲುಬದಲಾಗುವ ಭಯವಿಲ್ಲ. ಪ್ಲಗ್ ಬಿಚ್ಚುವ ಮೊದಲು ಸುತ್ತಲಿನ ಧೂಳನ್ನು ಊದಿ ತೆಗೆಯಬೇಕು. ಹೊರತೆಗೆದ ಪ್ಲಗ್ಗಿನ ತುದಿ ತಿಳಿ ಕಂದುಬಣ್ಣವಾಗಿದ್ದರೆ ಎಂಜಿನಿನ ಆರೋಗ್ಯ ಚೆನ್ನಾಗಿದೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚಾಗಿದೆ. ಎಣ್ಣೆ ಜಿಡ್ಡಿದ್ದರೆ ರಿಂಗ್ ಅಥವಾ ವಾಲ್ವ್ ಸವೆದಿರಬಹುದು. ಬೆಳ್ಳಗೆ ಸುಟ್ಟಂತಿದ್ದರೆ ಶಾಖ ಮಿತಿಮೀರಿದೆ. ಹಳೆಯ ಕಾರುಗಳಿಗೆ ಸಾಮಾನ್ಯವಾಗಿ 0.6 ಮಿಲಿಮೀಟರಿನ ಆಸುಪಾಸು ಅಂತರ ಬೇಕು. ಕಾರಿನ ಕೈಪಿಡಿ ನೋಡಿ ಫೀಲರ್ ಗೇಜಿನಿಂದ ಅಳೆಯುವುದು ಲೇಸು. ಹೊಸ ಪ್ಲಗ್ಗನ್ನು ಮೊದಲು ಬೆರಳಿನಿಂದಲೇ ತಿರುಗಿಸಿ ಕೂರಿಸಬೇಕು. ಆರಂಭದಲ್ಲೇ ಸ್ಪ್ಯಾನರ್ ಹಾಕಿ ಬಲ ಪ್ರಯೋಗಿಸಿದರೆ ಮರೆ ಕೆಟ್ಟು, ಚಿಕ್ಕ ಕೆಲಸಕ್ಕೆ ದೊಡ್ಡ ಖರ್ಚು ಬಂದೀತು.

ಮತ್ತೆ ಬಾಷ್ ಕಡೆಗೆ ಬರೋಣ. ಹಣ ಬಂದಾಗ ಮನುಷ್ಯನ ನಿಜಗುಣ ತಿಳಿಯುತ್ತದೆ. 1906ರಲ್ಲಿ ಆತ ತನ್ನ ಕಾರ್ಖಾನೆಯಲ್ಲಿ ಎಂಟು ಗಂಟೆಯ ದುಡಿಮೆಯನ್ನು ಜಾರಿಗೆ ತಂದ. ಜರ್ಮನಿಯಲ್ಲಿ ಹಾಗೆ ಮಾಡಿದ ಮೊದಲಿಗರಲ್ಲಿ ಆತನೊಬ್ಬ. ಇತರ ಧಣಿಗಳಿಗೆ ಇದು ಹಿಡಿಸಲಿಲ್ಲ; ‘ಕೆಂಪು ಬಾಷ್’ ಎಂಬ ಅಡ್ಡಹೆಸರು ಅಂಟಿತು. ಹಾಗೆಂದು ಎಲ್ಲವೂ ಸುಗಮವಾಗಿರಲಿಲ್ಲ. 1913ರಲ್ಲಿ ಅಲ್ಲಿಯೂ ಮುಷ್ಕರ ನಡೆಯಿತು. ಒಂದನೆಯ ಮಹಾಯುದ್ಧದಲ್ಲಿ ಕಾರ್ಖಾನೆಗೆ ಸೇನೆಯ ಕೆಲಸದಿಂದ ಅಪಾರ ಲಾಭ ಬಂತು. ಸಾವಿನಿಂದ ಬಂದ ಹಣ ತನಗೆ ಬೇಡವೆಂದು ಬಗೆದ ಬಾಷ್, ನೆಕ್ಕರ್ ನದಿಯ ಕಾಲುವೆಯ ಯೋಜನೆಗಾಗಿ 1916ರಲ್ಲಿ ಒಂದು ಕೋಟಿಗೂ ಮಿಕ್ಕಿದ ಮಾರ್ಕುಗಳನ್ನು ದಾನ ಮಾಡಿದ. 1921ರಲ್ಲಿ ಮಗ ರಾಬರ್ಟ್ ದೀರ್ಘ ಕಾಯಿಲೆಯಿಂದ ತೀರಿಕೊಂಡ. ಉತ್ತರಾಧಿಕಾರಿಯೆಂದು ನಂಬಿದ್ದವನನ್ನೇ ಕಳೆದುಕೊಂಡ ತಂದೆಯ ದುಃಖ ಹೇಳತೀರದು. 1940ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಆತನ ದಾನದ ಆಸ್ಪತ್ರೆ ತೆರೆಯಿತು.

ಹಿಟ್ಲರನ ಕಾಲ ಆ ಬಾಳಿನ ಕಠಿಣ ಪರೀಕ್ಷೆ. ಬಾಷ್ ಮತ್ತು ಆತನ ಆಪ್ತರು ಗುಟ್ಟಾಗಿ ಯೆಹೂದ್ಯರಿಗೆ ನೆರವಾದರು. ಮುಂದೆ ಹಿಟ್ಲರನ ವಿರುದ್ಧ ಸಂಚಿಗಾಗಿ ಗಲ್ಲಿಗೇರಿದ ಗೋರ್ಡೆಲರ್‌ಗೆ ಸಂಸ್ಥೆಯಲ್ಲಿ ಆಸರೆ ಕೊಟ್ಟರು. ಆದರೆ ಅದೇ ಕಾರ್ಖಾನೆ ಯುದ್ಧ ಸಾಮಗ್ರಿ ತಯಾರಿಸಿತು, ಬಲಾತ್ಕಾರದಿಂದ ತಂದ ಕೂಲಿಗಳನ್ನು ದುಡಿಸಿತು ಎಂಬುದನ್ನೂ ನಾವು ಮರೆಮಾಚಬಾರದು. 1942ರ ಮಾರ್ಚ್ 12ರಂದು ಬಾಷ್ ನಿಧನ ಹೊಂದಿದ. ಸಂಸ್ಥೆಯ ಬಂಡವಾಳದ ಬಹುಪಾಲು ಇಂದು ಧರ್ಮದತ್ತಿಯೊಂದರ ಕೈಯಲ್ಲಿದೆ.

ಈ ಸಂಸ್ಥೆಯ ನಂಟಿನಿಂದ 1951ರಲ್ಲಿ ಬೆಂಗಳೂರಿನಲ್ಲಿ ಮೈಕೋ ಹುಟ್ಟಿತು. 2008ರಲ್ಲಿ ಅದು ಬಾಷ್ ಎಂಬ ಹೆಸರನ್ನೇ ತಳೆಯಿತು.

ಮೊದಲು ಹೇಳಿದ ನೋವಿನ ಫಲ ಯಾವುದು? ಸರಿಯಾಗಿ ಕಲಿಸದ ಯಜಮಾನನ ಕೈಕೆಳಗೆ ಸೊರಗಿದ ಬಾಷ್, 1913ರಲ್ಲಿ ತನ್ನ ಕಾರ್ಖಾನೆಯೊಳಗೇ ಕೆಲಸ ಕಲಿಯುವ ಹುಡುಗರಿಗಾಗಿ ಪ್ರತ್ಯೇಕ ಕಾರ್ಯಾಗಾರ ಸ್ಥಾಪಿಸಿದ. ಬೆಂಗಳೂರಿನ ಕಾರ್ಖಾನೆಯಲ್ಲಿಯೂ ತರಬೇತಿ ಕೇಂದ್ರ ಬೆಳೆಯಿತು. ತನಗಾದ ಅನ್ಯಾಯ ಮುಂದಿನವರಿಗೆ ಆಗದಿರಲೆಂದು ಬಾಗಿಲು ತೆರೆದವನು ಆತ. ಎಸ್ಸೆಸ್ಸೆಲ್ಸಿ ಮುಗಿಸಿ ಕೈಕೆಲಸದ ಕಡೆಗೆ ಹೊರಡುವ ನಮ್ಮ ಕನ್ನಡ ಮಕ್ಕಳೂ, ಅವರಿಗೆ ಕೆಲಸ ಕಲಿಸುವ ಗ್ಯಾರೇಜಿನ ಹಿರಿಯರೂ ಇದನ್ನು ನೆನಪಿನಲ್ಲಿಡುವುದು ಒಳಿತು.