ಮಾರ್ಗೋ ಸಾಬೂನಿನ ದಾಸ್ ಬಾಬು

ಸದರ್ನ್ ಅವೆನ್ಯೂವಿನ ಆಸುಪಾಸಿನಲ್ಲಿ ಬಿಡಾರ ಹೂಡಿರುವ ನಮ್ಮವರು ಕೊಳವೆ ಬಾವಿಯ ನೀರಿನಲ್ಲಿ ಕ್ಷೌರ ಮಾಡಿಕೊಳ್ಳುವಾಗ ಪಡುವ ಪಾಡನ್ನು ನಾವು ಬಲ್ಲೆವು. ಎಷ್ಟು ಉಜ್ಜಿದರೂ ನೊರೆ ನಿಲ್ಲದು, ಕೆನ್ನೆ ಉರಿಯುವುದು, ಬೈಗಳೆಲ್ಲ ಬ್ಲೇಡಿಗೆ. ಬೇರೆ ಕ್ರೀಮು ಕೊಳ್ಳದೆ ಮೈಗೆ ಹಚ್ಚುವ ಸಾಬೂನಿನಲ್ಲಿಯೇ ಕೆಲಸ ಪೂರೈಸುವವರು ನಮ್ಮಲ್ಲಿ ಕಡಿಮೆಯಿಲ್ಲ. ಅಂಥ ಒಂದು ಸಾಬೂನು, ಬೇವಿನ ಮಾರ್ಗೋ. ಅದನ್ನು ತಯಾರಿಸಿದ ಕಲ್ಕತ್ತಾ ಕೆಮಿಕಲ್ ಕಂಪೆನಿಯ ವಿಳಾಸವು ಇಲ್ಲಿಗೆ ಸಮೀಪದ ಪಂಡಿತಿಯಾ ರಸ್ತೆಯಾಗಿತ್ತು. ಅದರ ಸ್ಥಾಪಕರಾದ ಖಗೇಂದ್ರಚಂದ್ರ ದಾಸರ ಜೀವನವನ್ನು ನಮ್ಮ ವಾಚಕರು ಅರಿತಿರಬೇಕು.

ದಾಸ್ ಬಾಬುಗಳು ನ್ಯಾಯಾಧೀಶರೊಬ್ಬರ ಮಗ. ತಾಯಿ ಮೋಹಿನೀದೇವಿಯವರು ಮುಂದೆ ಗಾಂಧೀಜಿಯವರ ಅನುಯಾಯಿಯಾದವರು. ಬಂಗಾಳವು 1905ರಲ್ಲಿ ಇಬ್ಭಾಗವಾದ ಕಾಲದ ಸ್ವದೇಶೀ ಚಳವಳಿಯು ತರುಣನನ್ನು ಸೆಳೆಯಿತು. ಮಗನು ಸೆರೆಮನೆ ಸೇರಿಯಾನೆಂಬ ಭಯದಿಂದ ತಂದೆಯವರು ಇಂಗ್ಲೆಂಡಿಗೆ ಕಳುಹಿಸಲು ಹವಣಿಸಿದರು. ಆಳುವವರ ನಾಡಿಗೆ ಹೋಗಲು ಮಗನು ಒಪ್ಪಲಿಲ್ಲ. ಸರಕಾರದ ಸಂಬಳ ತಿನ್ನುವ ತಂದೆಯ ಮನೆಯಲ್ಲಿ ಈ ಹಟವನ್ನು ಸಾಧಿಸುವುದು ಸುಲಭವಾಗಿರಲಾರದು. ಕೈಗಾರಿಕಾ ಶಿಕ್ಷಣಕ್ಕಾಗಿ ತರುಣರನ್ನು ಹೊರದೇಶಗಳಿಗೆ ಕಳುಹಿಸುತ್ತಿದ್ದ ಸಂಘವೊಂದರ ವಿದ್ಯಾರ್ಥಿವೇತನದಿಂದ ಅಮೆರಿಕೆಗೆ ತೆರಳಿ, 1910ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ರಸಾಯನಶಾಸ್ತ್ರದ ಪದವಿ ಪಡೆದರು. ಜಪಾನಿನ ಮಾರ್ಗವಾಗಿ ಊರಿಗೆ ಮರಳಿದರು.

1916ರಲ್ಲಿ ಆರ್. ಎನ್. ಸೇನ್ ಮತ್ತು ಬಿ. ಎನ್. ಮೈತ್ರ ಎಂಬಿಬ್ಬರೊಡನೆ ಕಂಪೆನಿಯನ್ನು ಸ್ಥಾಪಿಸಿದರು. ಪರದೇಶದ ಸುವಾಸನೆಯ ಸಾಬೂನುಗಳೆದುರಿಗೆ ಅವರು ನಿಲ್ಲಿಸಿದ್ದು ಬೇವನ್ನು! ಯುಗಾದಿಯ ದಿನ ಬೆಲ್ಲವಿಲ್ಲದೆ ನಮ್ಮ ಗಂಟಲಲ್ಲಿಳಿಯದ ವಸ್ತುವದು. ಬೇವಿನ ಕಡ್ಡಿಯಿಂದ ಹಲ್ಲುಜ್ಜುವ ನಾಡಿಗೆ ಬೇವಿನ ಪೇಸ್ಟನ್ನೂ ಕೊಟ್ಟರು. ಬಡವನೂ ಕೊಳ್ಳುವಂತೆ ಬೆಲೆಯಿಟ್ಟರು. ಇದನ್ನು ನಾವು ಅವರ ಪದವಿಗಿಂತ ದೊಡ್ಡದೆಂದು ಎಣಿಸುತ್ತೇವೆ. ತಿಂಗಳ ಕೊನೆಯಲ್ಲಿ ಊರಿಗೆ ಹಣ ಕಳುಹಿಸುವವನಿಗೆ ಸಾಬೂನಿನ ಕಾಸೂ ಕಾಸೇ.

ಆದರೆ ಸಾಬೂನು ಸ್ವದೇಶಿಯಾಗಲಿ ಪರದೇಶಿಯಾಗಲಿ, ಗಡಸು ನೀರಿನ ಮುಂದೆ ಎರಡರ ಗತಿಯೂ ಒಂದೇ. ಅಂಥ ನೀರಿನಲ್ಲಿ ಕರಗಿರುವ ಸುಣ್ಣದ ಅಂಶವು ಸಾಬೂನಿನೊಡನೆ ಕೂಡಿ ಜಿಗುಟಾದ ಗಸಿಯಾಗುತ್ತದೆ. ನೊರೆಯಾಗಬೇಕಾದ ಸಾಬೂನು ಹೀಗೆ ವ್ಯರ್ಥವಾಗಿ, ಕೂದಲು ಮೆತ್ತಗಾಗದೆ ಬ್ಲೇಡು ಕೆರೆಯುತ್ತದೆ. ನೀರು ಚೆನ್ನಾಗಿ ಕುದಿದರೆ ಸುಣ್ಣದ ಒಂದು ಭಾಗ ಬೇರ್ಪಡುತ್ತದೆ. ಹೋಟೆಲಿನ ಬಾಯ್ಲರಿನೊಳಗೆ ಕಟ್ಟುವ ಬಿಳಿಯ ಹಕ್ಕಳೆಯು ಅದೇ. ಅದನ್ನು ಕೆರೆಸಿ ಕೆರೆಸಿ ನಾವೂ ದಣಿದಿದ್ದೇವೆ. ಬೆಳಗಿನ ಜಾವ ಬಾಯ್ಲರ್ ಹೊತ್ತಿಸುವ ನಮ್ಮ ಹುಡುಗರು ಒಂದು ಚೊಂಬು ಕುದಿದ ನೀರನ್ನು ತೆಗೆದಿಟ್ಟು, ತಿಳಿಯಾದ ಮೇಲೆ ಕ್ಷೌರಕ್ಕೆ ಬಳಸಿದರೆ ಕೆನ್ನೆಗೂ ಸುಖ, ಸಾಬೂನೂ ಉಳಿತಾಯ.

ದಾಸ್ ಬಾಬುಗಳು ಉದ್ಯಮಪತಿಗಳಾದ ಮೇಲೂ ಖಾದಿಯನ್ನೇ ಉಟ್ಟರು. 1965ರಲ್ಲಿ ನಿಧನರಾದರು. ಮಾರ್ಗೋ ಅನಂತರ ಕೈಯಿಂದ ಕೈಗೆ ದಾಟಿ, 2011ರಲ್ಲಿ ಮುಂಬಯಿಯ ಜ್ಯೋತಿ ಲ್ಯಾಬೊರೇಟರೀಸ್ ಕಂಪೆನಿಗೆ ಸೇರಿತು.