ಸೈಕಲ್ಲಿಗೆ ಎಂಜಿನ್ ಕಟ್ಟಿದ ಕಮ್ಮಾರನ ಮಗ: ಸೊಯಿಚಿರೊ ಹೋಂಡಾ

ಬೆಂಗಳೂರಿನಿಂದ ಬೀದರಿನವರೆಗೆ ರಾಜ್ಯದ ಯಾವ ಊರಿನ ರಸ್ತೆಗಿಳಿದರೂ ಹೋಂಡಾ ಎಂಬ ಹೆಸರು ಹೊತ್ತ ದ್ವಿಚಕ್ರ ವಾಹನ ಎದುರಾಗದೆ ಇರದು. ಕೋಲಾರ ಜಿಲ್ಲೆಯ ನರಸಾಪುರದ ಕಾರ್ಖಾನೆ 2013ರಲ್ಲಿ ಆರಂಭವಾದ ಮೇಲಂತೂ ಆ ಹೆಸರು ಕನ್ನಡ ನಾಡಿಗೆ ಇನ್ನಷ್ಟು ಹತ್ತಿರವಾಗಿದೆ. ಆದರೆ ಅದು ಸಂಸ್ಥೆಯೊಂದರ ಹೆಸರಾಗುವ ಮೊದಲು ಒಬ್ಬ ಮನುಷ್ಯನ ಹೆಸರಾಗಿತ್ತು ಎಂಬುದನ್ನು ನೆನೆಯುವವರು ಕಡಿಮೆ. ಆ ಮನುಷ್ಯ ತನ್ನ ಹೆಸರಿನಲ್ಲಿ ತಯಾರಿಸಿದ ಮೊದಲ ವಾಹನ ಮೂಡಿದ್ದು ದೊಡ್ಡ ಕಾರ್ಖಾನೆಯಲ್ಲಲ್ಲ. ಯುದ್ಧದಲ್ಲಿ ಸುಟ್ಟು ಕರಕಲಾದ ಜಪಾನಿನ ಊರೊಂದರ ಪುಟ್ಟ ಶೆಡ್ಡಿನಲ್ಲಿ, ಸಾಧಾರಣ ಸೈಕಲ್ಲಿಗೆ ಸೇನೆ ಬಿಟ್ಟುಹೋದ ಸಣ್ಣ ಎಂಜಿನ್ನೊಂದನ್ನು ಕಟ್ಟಿದಾಗ ಅದು ಹುಟ್ಟಿತು.

ಕುಲುಮೆಯ ಮುಂದಿನ ಬಾಲ್ಯ

ಸೊಯಿಚಿರೊ ಹೋಂಡಾ ಅವರು ಹುಟ್ಟಿದ್ದು 1906ರ ನವೆಂಬರ್ 17ರಂದು, ಶಿಜುಓಕ ಪ್ರಾಂತ್ಯದ ಕೊಮ್ಯೊ ಎಂಬ ಹಳ್ಳಿಯಲ್ಲಿ. ಆ ಹಳ್ಳಿ ಈಗ ಹಮಾಮತ್ಸು ನಗರದೊಳಗೆ ಸೇರಿಹೋಗಿದೆ. ತಂದೆ ಗಿಹೆ ಕಮ್ಮಾರರು, ತಾಯಿ ಮಿಕಾ ಮಗ್ಗದ ಕೆಲಸ ಬಲ್ಲವರು. ಜಪಾನಿನಲ್ಲಿ ಸೈಕಲ್ಲಿನ ಬಳಕೆ ಹೆಚ್ಚುತ್ತಿದ್ದಂತೆ ಗಿಹೆ ಕುಲುಮೆಯ ಜೊತೆಗೆ ಸೈಕಲ್ ರಿಪೇರಿಯನ್ನೂ ಕೈಗೆತ್ತಿಕೊಂಡರು. ಹಳೆಯ, ಮುರಿದ ಸೈಕಲ್ಲುಗಳನ್ನು ಅಗ್ಗಕ್ಕೆ ತಂದು ಸರಿಪಡಿಸಿ ಮಾರುತ್ತಿದ್ದರು. ಕೆಟ್ಟ ವಸ್ತುವನ್ನು ಎಸೆಯದೆ ಬಿಚ್ಚಿ ನೋಡಬೇಕೆಂಬ ಪಾಠ ಮಗನಿಗೆ ಶಾಲೆಗಿಂತ ಮೊದಲು ಆ ಅಂಗಡಿಯಲ್ಲಿ ದೊರೆಯಿತು. ಶಾಲೆಯ ಓದಿನಲ್ಲಿ ಬಾಲಕ ಮುಂದಿರಲಿಲ್ಲ. ಹಳ್ಳಿಗೆ ಮೊದಲ ಬಾರಿ ಮೋಟಾರು ಕಾರು ಬಂದಾಗ ಅದರ ಹಿಂದೆ ಓಡಿ, ನೆಲಕ್ಕೆ ತೊಟ್ಟಿಕ್ಕಿದ ಎಣ್ಣೆಯ ವಾಸನೆಗೆ ಮರುಳಾದುದನ್ನು ಅವರು ಇಳಿವಯಸ್ಸಿನಲ್ಲೂ ನೆನೆಯುತ್ತಿದ್ದರು.

1917ರಲ್ಲಿ ಅಮೆರಿಕದ ವಿಮಾನ ಚಾಲಕ ಆರ್ಟ್ ಸ್ಮಿತ್ ಹಮಾಮತ್ಸುವಿನಲ್ಲಿ ಹಾರಾಟದ ಪ್ರದರ್ಶನ ನೀಡಿದರು. ಬಾಲಕ ಸೊಯಿಚಿರೊ ಮನೆಯಲ್ಲಿ ಹೇಳದೆ ತಂದೆಯ ಸೈಕಲ್ ಹೊರಡಿಸಿದ. ಸೀಟಿನ ಮೇಲೆ ಕುಳಿತರೆ ಕಾಲು ನಿಲುಕದು. ನಮ್ಮ ಹಳ್ಳಿಯ ಹುಡುಗರು ಮಾಡುವಂತೆ ಚೌಕಟ್ಟಿನ ತ್ರಿಕೋನದೊಳಗೆ ಕಾಲು ತೂರಿಸಿ ಒಳಪೆಡಲು ತುಳಿಯುತ್ತಲೇ ಅಷ್ಟು ದೂರ ಸಾಗಿದ. ಪ್ರವೇಶ ಶುಲ್ಕಕ್ಕೆ ಕೈಯಲ್ಲಿದ್ದ ಕಾಸು ಸಾಲದೆ ಹೋದಾಗ ಮರ ಹತ್ತಿ ಕುಳಿತು ವಿಮಾನ ನೋಡಿದ.

ಟೋಕಿಯೋದ ಗ್ಯಾರೇಜಿನಲ್ಲಿ

ತಂದೆಗೆ ಬರುತ್ತಿದ್ದ ಸೈಕಲ್ ವ್ಯಾಪಾರದ ಪತ್ರಿಕೆಯೊಂದರಲ್ಲಿ ಟೋಕಿಯೋದ ಆರ್ಟ್ ಶೊಕಾಯ್ ಎಂಬ ಕಾರು ದುರಸ್ತಿ ಸಂಸ್ಥೆಯ ಹೆಸರು ಕಂಡ ಹೋಂಡಾ, 1922ರಲ್ಲಿ ಅಲ್ಲಿಗೆ ಕೆಲಸಕ್ಕೆ ಸೇರಿದರು. ಆರಂಭದ ತಿಂಗಳುಗಳಲ್ಲಿ ಅವರಿಗೆ ದೊರೆತದ್ದು ಮಾಲೀಕರ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ನೋಡಿಕೊಳ್ಳುವ ಕೆಲಸ. ಮಾಲೀಕ ಯೂಝೋ ಸಕಾಕಿಬಾರಾ ಕ್ರಮೇಣ ಈ ಹುಡುಗನ ಕೈಗುಣವನ್ನು ಗುರುತಿಸಿದರು. 1924ರ ನವೆಂಬರಿನಲ್ಲಿ ವಿಮಾನದ ಎಂಜಿನ್ ಜೋಡಿಸಿದ್ದ ರೇಸ್ ಕಾರಿನಲ್ಲಿ ಚಾಲಕನ ಪಕ್ಕದ ಮೆಕ್ಯಾನಿಕ್ಕಾಗಿ ಕುಳಿತ ಹೋಂಡಾ ಗೆಲುವಿನ ರುಚಿ ಕಂಡರು. 1928ರಲ್ಲಿ ಅದೇ ಸಂಸ್ಥೆಯ ಶಾಖೆಯನ್ನು ಹಮಾಮತ್ಸುವಿನಲ್ಲಿ ತೆರೆದಾಗ ಅವರಿಗೆ 21 ವರ್ಷ.

ದುರಸ್ತಿಯಲ್ಲಿ ಹೆಸರು ಮಾಡಿದ ಮೇಲೆ ಅವರು ಪಿಸ್ಟನ್ ರಿಂಗ್ ತಯಾರಿಕೆಗೆ ಕೈ ಹಾಕಿದರು. ನೋಡಲು ಲೋಹದ ಸಣ್ಣ ಬಳೆಯಂತಿರುವ ಈ ಭಾಗ ಅವರ ಅರಿವಿನ ಮಿತಿಯನ್ನು ತೋರಿಸಿಕೊಟ್ಟಿತು. ಕೈಚಳಕವಿದ್ದರೂ ಲೋಹಶಾಸ್ತ್ರ ತಿಳಿಯದ ಕಾರಣ ರಿಂಗುಗಳು ಗಟ್ಟಿಯಾಗಿ ನಿಲ್ಲಲಿಲ್ಲ. ಹೋಂಡಾ ಹಮಾಮತ್ಸುವಿನ ತಾಂತ್ರಿಕ ಶಾಲೆಯ ತರಗತಿಗಳಲ್ಲಿ ತಮಗಿಂತ ಎಷ್ಟೋ ಕಿರಿಯರ ನಡುವೆ ಕುಳಿತು ಪಾಠ ಕೇಳಿದರು. ಆದರೂ ಟೊಯೊಟಾ ಸಂಸ್ಥೆಗೆ ಪರೀಕ್ಷೆಗೆಂದು ಕೊಟ್ಟ 50 ರಿಂಗುಗಳಲ್ಲಿ ತೇರ್ಗಡೆಯಾದದ್ದು ಕೇವಲ 3. ಸೋತು ಕೈಚೆಲ್ಲದೆ ತಯಾರಿಕೆಯ ವಿಧಾನವನ್ನೇ ತಿದ್ದಿಕೊಂಡ ಮೇಲೆ ಅವರ ಸಂಸ್ಥೆ ಟೊಯೊಟಾಕ್ಕೆ ರಿಂಗು ಪೂರೈಸುವಷ್ಟು ಬೆಳೆಯಿತು. ಅಷ್ಟರಲ್ಲಿ ಯುದ್ಧ ಬಂತು. ವೈಮಾನಿಕ ದಾಳಿಯೂ 1945ರ ಜನವರಿಯ ಮಿಕಾವಾ ಭೂಕಂಪವೂ ಸೇರಿ ಕಾರ್ಖಾನೆಗಳನ್ನು ನೆಲಸಮ ಮಾಡಿದವು. ಉಳಿದುದನ್ನು 4 ಲಕ್ಷ 50 ಸಾವಿರ ಯೆನ್‌ಗೆ ಟೊಯೊಟಾ ಸಮೂಹಕ್ಕೆ ಮಾರಿ, ಹೋಂಡಾ ಸುಮಾರು ಒಂದು ವರ್ಷ ಯಾವ ಉದ್ಯೋಗವೂ ಇಲ್ಲದೆ ಕಾಲ ಕಳೆದರು.

ಸೈಕಲ್ಲು, ಎಂಜಿನ್ನು ಮತ್ತು ಬಿಸಿನೀರಿನ ಡಬ್ಬಿ

ಸೋತ ಜಪಾನಿನಲ್ಲಿ ಆಗ ಹೊಟ್ಟೆಗೆ ಹಿಟ್ಟಿನ ಚಿಂತೆ. ರೈಲುಗಳಲ್ಲಿ ಕಾಲಿಡಲು ಜಾಗವಿಲ್ಲ. ಪೆಟ್ರೋಲಿಗೆ ಪಡಿತರ. ಪಟ್ಟಣದವರು ಅಕ್ಕಿ, ಗೆಣಸು ಹುಡುಕಿಕೊಂಡು ಹಳ್ಳಿಗಳಿಗೆ ಸೈಕಲ್ ತುಳಿಯುತ್ತಿದ್ದರು. ಹಾಗೆ ತುಳಿಯುತ್ತಿದ್ದವರಲ್ಲಿ ಹೋಂಡಾ ಅವರ ಪತ್ನಿ ಸಚಿ ಕೂಡ ಒಬ್ಬರು.

1946ರಲ್ಲಿ ಹೋಂಡಾ ಹಮಾಮತ್ಸುವಿನ ಯಮಾಶಿತಾ ಬಡಾವಣೆಯ ಶೆಡ್ಡೊಂದರಲ್ಲಿ ಹೋಂಡಾ ತಾಂತ್ರಿಕ ಸಂಶೋಧನಾ ಸಂಸ್ಥೆ ಎಂಬ ಫಲಕ ತೂಗುಹಾಕಿದರು. ಹೆಸರು ದೊಡ್ಡದು, ಜಾಗ ಚಿಕ್ಕದು. ಆ ದಿನಗಳಲ್ಲಿ ಸ್ನೇಹಿತರೊಬ್ಬರ ಮನೆಯಲ್ಲಿ ಅವರ ಕಣ್ಣಿಗೆ ಬಿದ್ದದ್ದು ಒಂದು ಪುಟ್ಟ ಎಂಜಿನ್. ಸೇನೆಯ ವೈರ್‌ಲೆಸ್ ಯಂತ್ರಕ್ಕೆ ವಿದ್ಯುತ್ ಒದಗಿಸಲೆಂದು ತಯಾರಾಗಿದ್ದ ಜನರೇಟರಿನ ಎಂಜಿನ್ ಅದು. ಯುದ್ಧ ಮುಗಿದ ಮೇಲೆ ಅದರಿಂದ ಯಾರಿಗೂ ಉಪಯೋಗವಿರಲಿಲ್ಲ. ಅದನ್ನು ಸೈಕಲ್ಲಿಗೆ ಜೋಡಿಸಿದರೆ ಹೇಗೆ ಎಂಬ ಆಲೋಚನೆ ಹೊಳೆದದ್ದು ಆಗ.

ಕೆಲಸ ಅಂದುಕೊಂಡಷ್ಟು ಸುಲಭವಿರಲಿಲ್ಲ. ಮೊದಲ ಪ್ರಯತ್ನದಲ್ಲಿ ಎಂಜಿನ್ನನ್ನು ಹ್ಯಾಂಡಲಿನ ಮುಂದೆ ಕೂರಿಸಿ, ರಬ್ಬರಿನ ಉರುಳೆಯೊಂದು ಮುಂದಿನ ಟೈರನ್ನು ಉಜ್ಜಿ ತಿರುಗಿಸುವಂತೆ ಮಾಡಲಾಯಿತು. ಟೈರು ಸವೆಯಿತು. ಟೈರೇ ಸಿಗದ ಕಾಲದಲ್ಲಿ ಅದು ದುಬಾರಿ ದಾರಿ. ಹೀಗಾಗಿ ಎಂಜಿನ್ನನ್ನು ಸೈಕಲ್ಲಿನ ಚೌಕಟ್ಟಿನ ನಡುವೆ ಇಳಿಸಿ, ಬೆಲ್ಟಿನ ಮೂಲಕ ಹಿಂದಿನ ಚಕ್ರವನ್ನು ತಿರುಗಿಸುವ ಏರ್ಪಾಡು ಬಂತು. ಇಂಧನದ ಟ್ಯಾಂಕಿಗೆ ತಗಡು ಎಲ್ಲಿಂದ ತರುವುದು? ಚಳಿಗಾಲದ ರಾತ್ರಿ ಹಾಸಿಗೆ ಬೆಚ್ಚಗಿಡಲು ಜಪಾನೀಯರು ಬಿಸಿನೀರು ತುಂಬಿಡುವ ಡಬ್ಬಿಯೇ ಮೊದಲ ಮಾದರಿಗೆ ಟ್ಯಾಂಕಾಯಿತು. ಸವಾರ ಮೊದಲು ಪೆಡಲು ತುಳಿದು ವೇಗ ಹೆಚ್ಚಿಸಬೇಕು, ಎಂಜಿನ್ ಹತ್ತಿಕೊಂಡ ಮೇಲೆ ಕಾಲಿಗೆ ಬಿಡುವು. ಪೆಟ್ರೋಲು ಸಾಲದ ಕಡೆ ದೇವದಾರು ಜಾತಿಯ ಮರಗಳ ಬೇರಿನಿಂದ ಇಳಿಸಿದ ಎಣ್ಣೆಯನ್ನು ಬಳಸಲಾಯಿತು. ಹೊಗೆ, ವಾಸನೆ ಎರಡೂ ವಿಪರೀತ.

ಈ ಸೈಕಲ್ಲಿನ ಪರೀಕ್ಷೆಯ ಸವಾರಿಗೆ ಹೋಂಡಾ ಆರಿಸಿದ್ದು ಸಚಿ ಅವರನ್ನು. ಹೆಂಗಸರೂ ಓಡಿಸಬಲ್ಲರೇ ಎಂಬುದು ಅವರಿಗೆ ತಿಳಿಯಬೇಕಿತ್ತು. ಸಚಿ ಇದ್ದುದರಲ್ಲಿ ಒಳ್ಳೆಯ ಉಡುಪು ತೊಟ್ಟು, ಜನ ಓಡಾಡುವ ಬೀದಿಯಲ್ಲೇ ಒಂದು ಸುತ್ತು ಹೋಗಿಬಂದರು. ಹಿಂದಿರುಗಿದಾಗ ಬಟ್ಟೆಯ ಮೇಲೆಲ್ಲ ಎಣ್ಣೆಯ ಕಲೆ. ಕಾರ್ಬ್ಯುರೇಟರಿನಿಂದ ಇಂಧನ ಹಿಮ್ಮುಖವಾಗಿ ಚಿಮ್ಮುತ್ತಿತ್ತು. ಹೀಗಿದ್ದರೆ ಕೊಳ್ಳುವವರು ಬೈದಾರು ಎಂದು ಸಚಿ ಮುಖಕ್ಕೇ ಹೇಳಿದರು. ಎದುರು ಮಾತನ್ನು ಸಹಿಸುವ ಸ್ವಭಾವ ಹೋಂಡಾ ಅವರದಲ್ಲ. ಆದರೂ ಆ ದಿನ ಅವರು ವಾದಿಸಲಿಲ್ಲ. ಮಾರಾಟಕ್ಕಿಟ್ಟ ವಾಹನದಲ್ಲಿ ಆ ದೋಷವನ್ನು ಸರಿಪಡಿಸಿದರು.

ಅಂಥ ಎಂಜಿನ್ನುಗಳನ್ನು ಹುಡುಕಿ ಸುಮಾರು 500ರಷ್ಟನ್ನು ಕೊಂಡು ತಂದು, ಒಂದೊಂದನ್ನೂ ಬಿಚ್ಚಿ ತಿದ್ದಿ ಸೈಕಲ್ಲಿಗೆ ಜೋಡಿಸಿದ್ದಾಯಿತು. ಸುದ್ದಿ ಬಾಯಿಂದ ಬಾಯಿಗೆ ಹರಡಿ ಟೋಕಿಯೋ, ಒಸಾಕಾ, ನಗೋಯಾದ ವ್ಯಾಪಾರಿಗಳು ಆ ಶೆಡ್ಡನ್ನು ಹುಡುಕಿಕೊಂಡು ಬಂದರು. ಹಳೆಯ ಎಂಜಿನ್ನುಗಳು ಮುಗಿಯುತ್ತ ಬಂದವು. ಸ್ವಂತ ಎಂಜಿನ್ ಮಾಡದೆ ಬೇರೆ ದಾರಿಯಿರಲಿಲ್ಲ. 1947ರಲ್ಲಿ ಹೊರಬಂದ 50 ಸಿಸಿಯ ಟೂ-ಸ್ಟ್ರೋಕ್ 'ಎ' ಮಾದರಿಯೇ ಹೋಂಡಾ ಹೆಸರಿನ ಮೊದಲ ಸ್ವಂತ ಎಂಜಿನ್. ಅದರ ಸದ್ದನ್ನು ಕೇಳಿದ ಜನ ಅದಕ್ಕೆ 'ಬಟಬಟ' ಎಂದು ಹೆಸರಿಟ್ಟರು. ಮುಂದಿನ ವರ್ಷಗಳಲ್ಲಿ ಸುಜುಕಿ, ಯಮಾಹಾ ಸಂಸ್ಥೆಗಳೂ ಇದೇ ಹಮಾಮತ್ಸುವಿನಿಂದ ದ್ವಿಚಕ್ರ ವಾಹನಗಳನ್ನು ಹೊರತಂದವು. ಸುಜುಕಿಯದೂ 1952ರಲ್ಲಿ ಎಂಜಿನ್ ಕಟ್ಟಿದ ಸೈಕಲ್ಲಿನಿಂದಲೇ ಆರಂಭ.

ಇಬ್ಬರ ಸಂಸಾರ

1948ರ ಸೆಪ್ಟೆಂಬರ್ 24ರಂದು 10 ಲಕ್ಷ ಯೆನ್ ಬಂಡವಾಳದಲ್ಲಿ ಹೋಂಡಾ ಮೋಟಾರ್ ಸ್ಥಾಪನೆಯಾಯಿತು. ಮರುವರ್ಷ ಟಕೇವೊ ಫುಜಿಸಾವಾ ಬಂದು ಸೇರಿದರು. ಹೋಂಡಾ ಯಂತ್ರ ಬಲ್ಲವರು, ಫುಜಿಸಾವಾ ಹಣ ಮತ್ತು ಮಾರುಕಟ್ಟೆ ಬಲ್ಲವರು. ಸಂಸ್ಥೆಯ ಮೊಹರನ್ನು ಹೋಂಡಾ ಅವರ ಕೈಗೇ ಒಪ್ಪಿಸಿಬಿಟ್ಟರು.

ಸೈಕಲ್ಲಿನ ನಂಟು ಮಾತ್ರ ಬಿಡಲಿಲ್ಲ. 1952ರಲ್ಲಿ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಜೋಡಿಸುವ 'ಕಬ್' ಎಂಜಿನ್ ಬಂತು, ಬಿಳಿಯ ಟ್ಯಾಂಕು, ಕೆಂಪು ಎಂಜಿನ್. ಅದನ್ನು ಮಾರಲು ಫುಜಿಸಾವಾ ಮೋಟಾರು ವ್ಯಾಪಾರಿಗಳ ಬಳಿ ಹೋಗಲಿಲ್ಲ. ದೇಶದ 50 ಸಾವಿರಕ್ಕೂ ಹೆಚ್ಚು ಸೈಕಲ್ ಅಂಗಡಿಗಳಿಗೆ ಪತ್ರ ಬರೆದರು. ಸುಮಾರು 30 ಸಾವಿರ ಅಂಗಡಿಗಳಿಂದ ಉತ್ಸಾಹದ ಉತ್ತರ ಬಂತು. ಗಿಹೆಯಂಥ ಸಣ್ಣ ರಿಪೇರಿಗಾರರೇ ಹೋಂಡಾ ಸಂಸ್ಥೆಯ ಮಾರಾಟದ ಜಾಲವಾದರು.

1958ರ ಸೂಪರ್ ಕಬ್ ಈ ದಾರಿಯ ಶಿಖರ. ಕ್ಲಚ್ ಹಿಡಿಯುವ ಗೋಜಿಲ್ಲದ ಆ ವಾಹನವನ್ನು, ಒಂದು ಕೈಯಲ್ಲಿ ಊಟದ ತಟ್ಟೆಗಳನ್ನು ಹಿಡಿದ ಹೋಟೆಲ್ ಹುಡುಗ ಇನ್ನೊಂದು ಕೈಯಲ್ಲಿ ಓಡಿಸುವಂತಿರಬೇಕು ಎಂಬುದು ಬಯಕೆಯಾಗಿತ್ತು. 2017ರ ಹೊತ್ತಿಗೆ ಈ ಸರಣಿಯ 10 ಕೋಟಿ ವಾಹನಗಳು ತಯಾರಾಗಿದ್ದವು. ಜಗತ್ತಿನಲ್ಲಿ ಇಷ್ಟು ಸಂಖ್ಯೆಯಲ್ಲಿ ತಯಾರಾದ ಮೋಟಾರು ವಾಹನ ಬೇರೊಂದಿಲ್ಲ. 1961ರಲ್ಲಿ ಇಂಗ್ಲೆಂಡ್ ಬಳಿಯ ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ಸ್ಪರ್ಧೆಯ 125 ಹಾಗೂ 250 ಸಿಸಿ ವಿಭಾಗಗಳಲ್ಲಿ ಹೋಂಡಾ ಬೈಕುಗಳು ಮೊದಲ ಐದೂ ಸ್ಥಾನಗಳನ್ನು ಬಾಚಿಕೊಂಡವು.

ಗಾಳಿಯೋ, ನೀರೋ

ಯಶಸ್ಸು ಬಂದಂತೆ ಹಟವೂ ಬೆಳೆಯಿತು. ಕೆಲಸದಲ್ಲಿ ತಪ್ಪು ಕಂಡರೆ ಹೋಂಡಾ ಕೈಗೆ ಸಿಕ್ಕ ಉಪಕರಣವನ್ನು ಎಸೆಯುತ್ತಿದ್ದರು, ಕೈಯನ್ನೂ ಮಾಡುತ್ತಿದ್ದರು. ಎಂಜಿನ್ನನ್ನು ಗಾಳಿಯಿಂದಲೇ ತಣ್ಣಗಿಡಬೇಕೆಂಬುದು ಅವರ ಪಟ್ಟು. ನೀರಿನಿಂದ ತಣಿಸಿದರೂ ಕೊನೆಗೆ ಆ ನೀರನ್ನು ತಣಿಸುವುದು ಗಾಳಿಯೇ ಅಲ್ಲವೇ ಎಂಬುದು ಅವರ ತರ್ಕ. ದ್ವಿಚಕ್ರ ವಾಹನಕ್ಕೆ ಸರಿಹೊಂದಿದ ಆ ತರ್ಕ ಕಾರಿಗೆ ಹೊಂದಲಿಲ್ಲ.

1968ರ ಜುಲೈನಲ್ಲಿ ಫ್ರಾನ್ಸಿನ ರೂವಾನಿನಲ್ಲಿ ನಡೆದ ಫಾರ್ಮುಲಾ ಒನ್ ಸ್ಪರ್ಧೆಗೆ ಗಾಳಿಯಿಂದ ತಣಿಯುವ ಎಂಜಿನ್ನಿನ ಕಾರನ್ನು ಇಳಿಸಲಾಯಿತು. ತಂಡದ ಮುಖ್ಯ ಚಾಲಕ ಜಾನ್ ಸರ್ಟೀಸ್ ಆ ಕಾರು ಇನ್ನೂ ಸಿದ್ಧವಿಲ್ಲವೆಂದು ಅದನ್ನು ಓಡಿಸಲು ಒಪ್ಪಿರಲಿಲ್ಲ. ಅದನ್ನು ಓಡಿಸಿದ ಫ್ರೆಂಚ್ ಚಾಲಕ ಜೋ ಶ್ಲೆಸರ್ ಸ್ಪರ್ಧೆಯ ಆರಂಭದ ಸುತ್ತುಗಳಲ್ಲೇ ಅಪಘಾತಕ್ಕೀಡಾಗಿ ಬೆಂಕಿಯಲ್ಲಿ ಮಡಿದರು. ಮರುವರ್ಷ ಬಂದ, ಗಾಳಿಯಿಂದಲೇ ತಣಿಯುವ ಎಚ್1300 ಕಾರು ಮಾರುಕಟ್ಟೆಯಲ್ಲಿ ನಿರೀಕ್ಷಿತ ಯಶಸ್ಸು ಕಾಣಲಿಲ್ಲ. ಹೊಗೆಯ ಮೇಲೆ ಅಮೆರಿಕ 1970ರಲ್ಲಿ ಬಿಗಿಯಾದ ಕಾನೂನು ತಂದಾಗ, ನೀರಿನಿಂದ ತಣಿಸದೆ ಎಂಜಿನ್ನಿನ ಉಷ್ಣವನ್ನು ಹದದಲ್ಲಿಡಲಾಗದು ಎಂದು ಕಿರಿಯ ಎಂಜಿನಿಯರುಗಳು ಪಟ್ಟು ಹಿಡಿದರು. ಹೋಂಡಾ ಬಗ್ಗಲಿಲ್ಲ. ಕೊನೆಗೆ ಫುಜಿಸಾವಾ, ಅಧ್ಯಕ್ಷರಾಗಿ ಉಳಿಯುವಿರೋ ಎಂಜಿನಿಯರಾಗಿಯೋ ಎಂದು ನೇರವಾಗಿ ಕೇಳಿದರು. ಅಧ್ಯಕ್ಷನಾಗಿ ಎಂದ ಹೋಂಡಾ, ಕಿರಿಯರ ದಾರಿಗೆ ಅಡ್ಡ ಬರುವುದನ್ನು ನಿಲ್ಲಿಸಿದರು.

ಆ ಕಿರಿಯರು ರೂಪಿಸಿದ ಸಿವಿಸಿಸಿ ಎಂಜಿನ್ 1972ರಲ್ಲಿ ಲೋಕದ ಮುಂದೆ ಬಂತು. ಹೊಗೆಯನ್ನು ಶುದ್ಧಗೊಳಿಸುವ ಬೇರೆ ಉಪಕರಣದ ನೆರವಿಲ್ಲದೆಯೇ ಅದು ಅಮೆರಿಕದ ಮಿತಿಯೊಳಗೆ ನಿಂತಿತು. ಇದು ಅಮೆರಿಕದ ದೈತ್ಯ ಸಂಸ್ಥೆಗಳನ್ನು ಮೀರಿಸುವ ಅವಕಾಶ ಎಂದು ಹೋಂಡಾ ಹಿಗ್ಗಿದರು. ಎಂಜಿನಿಯರುಗಳಿಗೆ ಆ ಮಾತು ಹಿಡಿಸಲಿಲ್ಲ. ತಾವು ದುಡಿದದ್ದು ಸಂಸ್ಥೆಯ ಗೆಲುವಿಗಲ್ಲ, ಮುಂದಿನ ಪೀಳಿಗೆ ಉಸಿರಾಡುವ ಗಾಳಿಗಾಗಿ ಎಂಬುದು ಅವರ ಭಾವನೆಯಾಗಿತ್ತು. ಅದನ್ನು ಕೇಳಿ ಹೋಂಡಾ ನಾಚಿದರು. ಸೈಕಲ್ ತುಳಿಯುವವರ ಕಷ್ಟ ಕಂಡು ಎಂಜಿನ್ ಕಟ್ಟಿದ್ದ ಮನುಷ್ಯ, ಯಂತ್ರ ಯಾರಿಗಾಗಿ ಎಂಬ ಪ್ರಶ್ನೆಯನ್ನು ಮರೆತಿದ್ದರು. ಕೆಳಗಿನವರು ಮರೆತಿರಲಿಲ್ಲ.

ಹಿಂದೆ ಸರಿದ ಹಿರಿಮೆ

1973ರ ಅಕ್ಟೋಬರಿನಲ್ಲಿ ಹೋಂಡಾ ಮತ್ತು ಫುಜಿಸಾವಾ ಒಟ್ಟಿಗೇ ನಿವೃತ್ತರಾದರು. ಅಧ್ಯಕ್ಷ ಪದವಿ ಮಗನಿಗೆ ಹೋಗಲಿಲ್ಲ. 'ಎ' ಮಾದರಿಯ ನಕ್ಷೆ ಬರೆದಿದ್ದ ಕಿಯೋಶಿ ಕವಾಶಿಮಾ ಅದನ್ನು ವಹಿಸಿಕೊಂಡರು. ನಿವೃತ್ತಿಯ ನಂತರ ಹೋಂಡಾ ಜಪಾನಿನ ಉದ್ದಗಲಕ್ಕೂ ಸಂಚರಿಸಿ, ಸಂಸ್ಥೆಯ ಘಟಕಗಳಲ್ಲೂ ಮಾರಾಟ ಮಳಿಗೆಗಳಲ್ಲೂ ದುಡಿಯುವವರ ಕೈ ಕುಲುಕಿ ಕೃತಜ್ಞತೆ ಹೇಳಿದರು.

ಅವರ ಹೆಸರು ಭಾರತದ ಮನೆಮಾತಾದದ್ದೂ ಸೈಕಲ್ಲಿನ ನೆರವಿನಿಂದಲೇ. ಲುಧಿಯಾನದ ಸೈಕಲ್ ತಯಾರಕರಾದ ಹೀರೊ ಸಮೂಹದ ಜೊತೆ ಹೋಂಡಾ ಕೈಜೋಡಿಸಿದ್ದು 1984ರಲ್ಲಿ. 1985ರಲ್ಲಿ ರಸ್ತೆಗಿಳಿದ ಸಿಡಿ 100 ಬೈಕು ಮಿತವ್ಯಯದ ಸವಾರಿಗೆ ಮತ್ತೊಂದು ಹೆಸರಾಯಿತು.

1991ರ ಆಗಸ್ಟ್ 5ರಂದು, 84ನೆಯ ವಯಸ್ಸಿನಲ್ಲಿ, ಸೊಯಿಚಿರೊ ಹೋಂಡಾ ಟೋಕಿಯೋದಲ್ಲಿ ನಿಧನರಾದರು. ತಮ್ಮ ಹೆಸರಿನಲ್ಲಿ ಸಂಸ್ಥೆಯ ವತಿಯಿಂದ ದೊಡ್ಡ ಅಂತ್ಯಕ್ರಿಯೆ ನಡೆಸಕೂಡದು, ಅದರಿಂದ ರಸ್ತೆಯಲ್ಲಿ ವಾಹನಗಳ ಸಂಚಾರಕ್ಕೆ ಅಡ್ಡಿಯಾಗುತ್ತದೆ ಎಂದು ಅವರು ಮೊದಲೇ ತಿಳಿಸಿದ್ದರು. ಜೀವನವಿಡೀ ಜನರ ದಾರಿಯನ್ನು ಹಗುರಗೊಳಿಸಲು ದುಡಿದವರು, ಹೋಗುವಾಗಲೂ ಯಾರ ದಾರಿಗೂ ಅಡ್ಡವಾಗಲು ಬಯಸಲಿಲ್ಲ. ಸಂಸ್ಥೆ ಅವರ ಮಾತನ್ನು ನಡೆಸಿಕೊಟ್ಟಿತು.