ಬಟಾಣಿ ಎಣಿಸಿದ ಮೆಂಡಲ್

ಹತ್ತನೇ ಕ್ಲಾಸಲ್ಲಿ ನಾವೆಲ್ಲ 3:1 ಅಂತ ಬಾಯಿಪಾಠ ಮಾಡಿದ್ದೇ ಮಾಡಿದ್ದು. ಅದರ ಹಿಂದಿರೋ ಗ್ರೆಗರ್ ಮೆಂಡಲ್ 1822ರಲ್ಲಿ ರೈತರ ಮನೇಲಿ ಹುಟ್ಟಿದವರು. ಓದೋಕೆ ದುಡ್ಡಿಲ್ಲದೆ ಈಗಿನ ಚೆಕ್ ದೇಶದ ಬ್ರನೋದಲ್ಲಿ ಕ್ರೈಸ್ತ ಮಠ ಸೇರಿದರು. ಟೀಚರ್ ಪರೀಕ್ಷೆ ಕೊನೆಗೂ ಪಾಸಾಗಲಿಲ್ಲ. ನಡುವೆ ವಿಯೆನ್ನಾದಲ್ಲಿ, ನಮ್ಮ ಫಿಸಿಕ್ಸ್ ಪುಸ್ತಕದ ಅದೇ ಡಾಪ್ಲರ್ ಅವರ ಪಾಠ ಕೇಳಿದರು.

1856ರಿಂದ ಎಂಟು ವರ್ಷ ಮಠದ ತೋಟದಲ್ಲಿ ಬಟಾಣಿ ಬೆಳೆದರು. ದುಂಡು ಕಾಳಿನ ಗಿಡವನ್ನು ಸುಕ್ಕು ಕಾಳಿನ ಗಿಡದ ಜೊತೆ ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲಾ ದುಂಡೇ. ಎರಡನೆಯದರಲ್ಲಿ 5474 ದುಂಡು, 1850 ಸುಕ್ಕು. ಭಾಗಿಸಿ ನೋಡಿದೆವು: 2.96. ಅಂದರೆ ಸುಕ್ಕಿನ ಗುಣ ಒಂದು ಪೀಳಿಗೆ ಒಳಗೇ ಅಡಗಿ ಕೂತಿತ್ತು.

1866ರಲ್ಲಿ ಅಚ್ಚಾದ ಈ ಲೆಕ್ಕವನ್ನು ಗಮನಿಸಿದವರು ಕಮ್ಮಿ. 1884ರಲ್ಲಿ ಮೆಂಡಲ್ ತೀರಿಕೊಂಡರು. ಜಗತ್ತು ಅವರ ಲೇಖನವನ್ನು ಮತ್ತೆ ಬಿಡಿಸಿ ಓದಿದ್ದು 1900ರಲ್ಲಿ.